ಕುಡಿಯದೆ ಕೆಳಗಿಟ್ಟ ಕಾಫಿ

ಅಲ್ ಕುಸೈಸ್

ಜನವರಿಯ ಮೂರನೆಯ ಗುರುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ದುಬೈಯ ಅಲ್ ಕುಸೈಸ್‌ನ ಒಂದು ಭಾರತೀಯ ಶಾಲೆಯಿಂದ ಏಳನೆಯ ತರಗತಿಯ ಮೂವತ್ತಾರು ಮಕ್ಕಳು ಹಳದಿ ಬಸ್ಸಿನಲ್ಲಿ ಅಬುಧಾಬಿಗೆ ಹೊರಟರು. ಜೊತೆಯಲ್ಲಿ ಇಬ್ಬರು ಶಿಕ್ಷಕಿಯರಿದ್ದರು. ಬರಬೇಕಾಗಿದ್ದ ಮೂರನೆಯವರಿಗೆ ಜ್ವರ ಬಂದದ್ದರಿಂದ ಆ ಸೀಟು ನನಗೆ ಸಿಕ್ಕಿತು.

ನಾನು ಮಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡುವವಳು. ತಂಗಿ ಶೈಲಾ ಆ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಾಳೆ. ಮೂರು ವಾರದ ರಜೆಯಲ್ಲಿ ಅವಳ ಮನೆಗೆ ಹೋಗಿದ್ದೆ. ಪ್ರವಾಸದ ವಿಷಯ ‘ಈ ನೆಲದ ಮೂಲ ಜನರ ಬದುಕು ಮತ್ತು ಸಂಪ್ರದಾಯ’ ಎಂದು ಪಾಲಕರಿಗೆ ಕಳುಹಿಸಿದ ಕಾಗದದಲ್ಲಿ ಬರೆದಿತ್ತು. ಹಿಂದಿರುಗಿದ ಮೇಲೆ ಪ್ರತಿ ಮಗುವೂ ಒಂದು ಫಲಕ ಮಾಡಬೇಕು. ಆಯ್ದವನ್ನು ಶಾಲೆಯ ಮೆಟ್ಟಿಲ ಗೋಡೆಗೆ ಹಾಕುತ್ತಾರೆ. ಅವು ಮುಂದಿನ ವರ್ಷವಿಡೀ ಅಲ್ಲೇ ಇರುತ್ತವೆ.

ಆಯ್ಕೆಯ ನಿಯಮ ನನ್ನದು. ಹಿಂದಿನ ಮಂಗಳವಾರ ಊಟಕ್ಕೆ ಕೂತಾಗ ಶೈಲಾ ಗೊಣಗಿದಳು: “ಈ ಮಕ್ಕಳು ಎಲ್ಲ ನೆಟ್ಟಿನಿಂದ ಎತ್ತಿ ಹಾಕುದು ಅಕ್ಕಾ. ಮೂವತ್ತಾರು ಫಲಕದಲ್ಲೂ ಅದೇ ಒಂಟೆ, ಅದೇ ಗಿಡುಗ.”

“ಇಲ್ಲಿನವರ ಬಾಯಿಂದ ಕೇಳಿದ ಮಾತು ಒಂದಾದ್ರೂ ಇರ್ಬೇಕು ಅಂತ ಮಾಡು,” ಎಂದೆ. “ಹೇಳಿದವರ ಹೆಸರು ಬೇಕು, ಒಪ್ಪಿಗೆ ಬೇಕು. ಹೆಸರಿಲ್ಲದ್ದು ತಗೊಳ್ಬೇಡ.”

ಹೊಸದಾಗಿ ಕೆಲಸಕ್ಕೆ ಸೇರಿದ ವರದಿಗಾರರಿಗೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು ಅದು. ಶೈಲಾ ಮರುದಿನ ತರಗತಿಯಲ್ಲಿ ಅದನ್ನೇ ಸಾರಿದಳು. ಮಾತು ತಂದವರ ಫಲಕ ಗೋಡೆಗೆ, ಉಳಿದವರದ್ದು ಫೈಲಿಗೆ.

ಬಸ್ಸಿನಲ್ಲಿ ಕೂತ ಮೇಲೆ ನನಗೊಂದು ಪ್ರಶ್ನೆ ಹೊಳೆಯಿತು. “ಶೈಲಾ, ಇಲ್ಲಿಗೆ ಬಂದ ಹನ್ನೊಂದು ವರ್ಷದಲ್ಲಿ ನೀನು ಎಷ್ಟು ಜನ ಇಲ್ಲಿನವರ ಹತ್ತಿರ ಮಾತಾಡಿದ್ದಿ?”

ಅವಳು ಬೆರಳು ಮಡಚತೊಡಗಿದಳು. ವೀಸಾ ಕಚೇರಿಯ ಹೆಂಗಸು. ಒಮ್ಮೆ ಕಾರಿಗೆ ಕಾರು ಉಜ್ಜಿದಾಗ ಬಂದ ಪೊಲೀಸ್. ಶಾಲೆಯ ತಪಾಸಣೆಗೆ ಬಂದ ಒಬ್ಬರು. ಮೂರಕ್ಕೆ ನಿಂತಿತು.

“ಅದು ಮಾತು ಅಂತ ಅಲ್ಲ,” ಎಂದಳು. “ಸಲಾಂ ಹೇಳುದು, ಐಡಿ ಕಾರ್ಡ್ ಕೊಡುದು, ಶುಕ್ರಾನ್ ಹೇಳುದು. ಖಲಾಸ್.”

“ಇದನ್ನು ಮೊನ್ನೆಯೇ ಹೇಳ್ಬಾರ್ದಿತ್ತಾ ಮಾರಾಯ್ತಿ?”

“ನೀನು ಕೇಳ್ಲಿಲ್ಲ. ಪೇಪರಿನವಳು ನೀನು. ಕೇಳ್ಬೇಕಾದದ್ದು ನೀನು.”

ಹೆದ್ದಾರಿ

ದುಬೈಯಿಂದ ಅಬುಧಾಬಿಗೆ ಒಂದೂವರೆ ಗಂಟೆಯ ದಾರಿ. ರಸ್ತೆ ನೇರವಾಗಿದೆ, ಎಲ್ಲೂ ಯಾರೂ ಹಾರ್ನ್ ಹಾಕುವುದಿಲ್ಲ. ನಮ್ಮ ಕಡೆ ಬಸ್ಸು ಎಲ್ಲಿ ಬಂತೆಂದು ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಮೀನಿನ ವಾಸನೆ ಬಂದರೆ ಒಂದು ಊರು, ಹಂಚಿನ ಕಾರ್ಖಾನೆಯ ಹೊಗೆ ಬಂದರೆ ಇನ್ನೊಂದು. ಇಲ್ಲಿ ಕಿಟಕಿಯ ಗಾಜು ತೆರೆಯುವುದೇ ಇಲ್ಲ. ರಸ್ತೆಬದಿಯ ಹಸಿರು ಫಲಕದ ಅಂಕಿ ಮಾತ್ರ ಬದಲಾಗುತ್ತದೆ.

ನನ್ನ ಪಕ್ಕ ಇಫ್ರಾ ಎಂಬ ಹುಡುಗಿ ಕೂತಿದ್ದಳು. ಶೈಲಾಳ ಕಟ್ಟಡದಲ್ಲೇ ಎರಡು ಮಹಡಿ ಕೆಳಗೆ ಅವಳ ಮನೆ. ತಂದೆ ತಾಯಿ ಉಳ್ಳಾಲದ ಕಡೆಯ ಬ್ಯಾರಿ ಮುಸ್ಲಿಮರು. ಇವಳು ಹುಟ್ಟಿದ್ದು ದುಬೈಯಲ್ಲಿ. ತಂದೆ ಕೆಲಸ ಮಾಡುತ್ತಿದ್ದ ಕಂಪನಿ ಇಲ್ಲಿನ ಶಾಖೆ ಮುಚ್ಚುತ್ತಿದೆ. ಮಾರ್ಚ್ ಪರೀಕ್ಷೆ ಮುಗಿದ ಕೂಡಲೇ ಕುಟುಂಬ ಊರಿಗೆ ಹೊರಡುತ್ತದೆ. ಅಲ್ಲಿನ ಶಾಲೆಗೆ ಬೇಕೆಂದು ಅವಳು ವಾರಕ್ಕೆ ಎರಡು ಸಂಜೆ ಶೈಲಾಳ ಬಳಿ ಕನ್ನಡ ಕಲಿಯುತ್ತಾಳೆ.

“ಆಂಟಿ, ನಾನು ಕನ್ನಡದಲ್ಲೇ ಮಾತಾಡ್ತೇನೆ. ನೀವು ನಗ್ಬಾರ್ದು,” ಎಂದಳು.

“ನಗುದಿಲ್ಲ.”

“ನನ್ನ ಫಲಕ ಗೋಡೆಗೆ ಹೋಗ್ಬೇಕು. ಕೆಜಿಯಿಂದ ಇದೇ ಸ್ಕೂಲ್. ಓಟದಲ್ಲಿ ನನ್ನ ಹೆಸರಿಲ್ಲ, ಡಿಬೇಟಿನಲ್ಲಿ ಇಲ್ಲ. ಗ್ರೂಪ್ ಫೋಟೋ ತೆಗೆದ ವರ್ಷ ನಂಗೆ ಚಿಕನ್‌ಪಾಕ್ಸ್. ನಾವು ಹೋದ ಮೇಲೆ ಇಲ್ಲಿ ನಾನು ಇದ್ದೆ ಅಂತ ಎಲ್ಲಿ ಉಂಟು?”

ಅವಳ ವಿಷಯ ಆತಿಥ್ಯ. ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಶಾಲೆಯಲ್ಲಿ ಕಲಿತ ಅರಬಿಯಲ್ಲಿ ಬರೆದು ತಂದಿದ್ದಳು. ಇನ್ನು ಕೇಳುವುದಕ್ಕೆ ಒಬ್ಬರು ಸಿಗಬೇಕಿತ್ತು.

ಅರ್ಧ ದಾರಿಯಲ್ಲಿ ಶೈಲಾ ತಿಂಡಿಯ ಪೊಟ್ಟಣ ಹಂಚಿದಳು. ಇಫ್ರಾ ತನ್ನದನ್ನು ಸದ್ದಿಲ್ಲದೆ ನನ್ನ ಚೀಲದ ಮೇಲಿಟ್ಟಳು. ನಾನು ನೋಡಿದ್ದನ್ನು ಕಂಡು ಕಿವಿಯ ಹತ್ತಿರ ಬಂದಳು. “ಉಪವಾಸ ಆಂಟಿ. ಹೋದ ರಂಜಾನಿನಲ್ಲಿ ಬಿಟ್ಟುಹೋದದ್ದು. ಮುಂದಿನದ್ದು ಬರುವ ಮೊದಲು ಮುಗಿಸ್ಬೇಕು. ಟ್ರಿಪ್‌ನ ಗಡಿಬಿಡಿಯಲ್ಲಿ ನಂಗೆ ಮರ್ತೇಹೋಗಿತ್ತು, ಉಮ್ಮ ನಿನ್ನೆ ನೆನಪು ಮಾಡಿದ್ರು, ಹಾಗೆ ಇವತ್ತು ಹಿಡಿದಾಯ್ತು. ಯಾರಿಗೂ ಹೇಳ್ಬೇಡಿ. ಈ ತೇಜಸ್‌ಗೆ ಗೊತ್ತಾದ್ರೆ ಯಾಕೆ ಈಗ ಉಪವಾಸ, ಯಾಕೆ ಆಗ ಬಿಟ್ಟದ್ದು ಅಂತ ಸಂಜೆವರೆಗೆ ಕೇಳ್ತಾನೆ.”

ಹೆಣ್ಣುಮಕ್ಕಳ ಉಪವಾಸ ತಿಂಗಳಲ್ಲಿ ಕೆಲವು ದಿನ ಏಕೆ ಬಿಟ್ಟುಹೋಗುತ್ತದೆ ಎಂಬುದು ಹುಡುಗರ ಎದುರು ಹೇಳುವ ಸಂಗತಿಯಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಒಪ್ಪಿಕೊಂಡೆ. ತೇಜಸ್ ಹಿಂದಿನ ಸೀಟಿನ ಹುಡುಗ, ಕಾಪುವಿನ ಕಡೆಯವರ ಮಗ. ಆಗ ಅವನು ನಮ್ಮ ಸೀಟಿನ ಸಂದಿಯಲ್ಲಿ ಮೂಗು ತೂರಿಸಿ, ಆ ಪೊಟ್ಟಣ ಯಾರಿಗೂ ಬೇಡವೇ ಎಂದು ಕೇಳುತ್ತಿದ್ದ. ಕೊಟ್ಟೆವು.

ಗರಿಯ ಮನೆಗಳು

ಕಡಲಂಚಿನ ಆ ಜಾಗವನ್ನು ಹಳೆಯ ಕಾಲದ ಹಳ್ಳಿಯ ಹಾಗೆ ಕಟ್ಟಿದ್ದಾರೆ. ಹಿಂದೆ ಗಾಜಿನ ಗೋಪುರಗಳು, ಮುಂದೆ ಖರ್ಜೂರದ ಗರಿಯ ಗುಡಿಸಲುಗಳು. ಗರಿಗಳನ್ನು ಕಟ್ಟಿದ ರೀತಿ ನೋಡಿ ನಾನು ಅಲ್ಲೇ ನಿಂತೆ. ನಮ್ಮಲ್ಲಿ ಮದುವೆಗೆ ಚಪ್ಪರ ಹಾಕುವಾಗ ತೆಂಗಿನ ಮಡಲು ನೇಯ್ದು ಹೊದೆಸುತ್ತಾರೆ. ಮಳೆ, ಬಿಸಿಲು ಒಳಗೆ ಬರಬಾರದೆಂದು ಒತ್ತಾಗಿ ನೇಯುತ್ತಾರೆ. ಇಲ್ಲಿ ಬೇಕೆಂದೇ ಸಂದಿ ಬಿಟ್ಟಿದ್ದಾರೆ, ಗಾಳಿ ಆಡಲೆಂದು. ಒಳಗೆ ಹೋಗಿ ನಿಂತರೆ ಕಡಲ ಗಾಳಿ ಬೆನ್ನಿಗೆ ತಾಗುತ್ತದೆ.

ಮಕ್ಕಳು ಪುಸ್ತಕ ಹಿಡಿದು ಚದುರಿದರು. ಅರ್ಧ ಗಂಟೆಯಲ್ಲಿ ವರದಿ ಬರತೊಡಗಿತು. ಗಿಡುಗ ಹಿಡಿದವರು ಪಾಕಿಸ್ತಾನದ ಬಹಾವಲ್‌ಪುರದವರು. ಗಡಿಗೆ ಮಾಡುವವರು ಈಜಿಪ್ಟಿನವರು. ಒಂಟೆ ನೋಡಿಕೊಳ್ಳುವವರು ಸುಡಾನಿನವರು. ಬಾಗಿಲಲ್ಲಿ ಚೀಟಿ ಹರಿದವರು ಕಾಸರಗೋಡಿನವರು, ನಮ್ಮ ಮಾತು ಕೇಳಿ “ಊರಲ್ಲಿ ಎಲ್ಲಿ ಆಯ್ತು?” ಎಂದು ವಿಚಾರಿಸಿದ್ದರು.

“ಮಾಫಿ ಲೋಕಲ್, ಮಿಸ್. ಇಲ್ಲಿಯವರು ಯಾರೂ ಇಲ್ಲ,” ಎಂದು ತೇಜಸ್ ಶೈಲಾಳಿಗೆ ಒಪ್ಪಿಸಿದ. “ಒಂಟೆ ಒಂದೇ ಇಲ್ಲಿಯದ್ದು.”

“ಒಂಟೆಯ ಹೆಸರು, ಒಪ್ಪಿಗೆ ತಗೊಂಡಿಯಾ?” ಎಂದಳು ಶೈಲಾ.

“ಅದು ಕೂಡ ಸುಡಾನಿನಿಂದ ಬಂದದ್ದಂತೆ, ಮಿಸ್. ಈಗಷ್ಟೇ ಹೇಳಿದ್ರು.”

ಗರಿಯ ಬುಟ್ಟಿ ಹೆಣೆಯುತ್ತಿದ್ದ ಹೆಂಗಸು ಮಾತ್ರ ಈ ನೆಲದವರು. ಮುಖಕ್ಕೆ ಅಲ್ಲಿನ ಹಿರಿಯ ಹೆಂಗಸರು ಕಟ್ಟುವ, ಲೋಹದ ತಗಡಿನಂತೆ ಹೊಳೆಯುವ ಬಟ್ಟೆಯ ಮುಸುಕು. ಇಫ್ರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೈಹಿಡಿದು ಎರಡು ಸಾಲು ಹೆಣೆಯಿಸಿದರು. ಅವಳು ಅರಬಿಯಲ್ಲಿ ಪ್ರಶ್ನೆ ಓದಿದಾಗ ಉಚ್ಚಾರ ತಿದ್ದಿದರು, ಉತ್ತರವನ್ನೂ ಹೇಳಿದರು. ಹೆಸರು ಕೇಳಿದಾಗ ತಲೆಯಾಡಿಸಿದರು. ಹೆಸರು ಬೇಡ, ಫೋಟೋ ಬೇಡ, ಬುಟ್ಟಿ ಬೇಕಾದರೆ ತೆಗೆದುಕೊಂಡು ಹೋಗು ಎಂದರು.

ಇಫ್ರಾ ನನ್ನ ಹತ್ತಿರ ಬಂದಳು. “ಹೆಸರಿಲ್ಲದೆ ಆಗುದಿಲ್ವಾ ಆಂಟಿ?”

ನಿಯಮ ಮಾಡಿದವಳು ನಾನು. ಆಗುವುದಿಲ್ಲ ಎಂದೆ. ಅವಳು ಬರೆದ ನಾಲ್ಕು ಸಾಲಿಗೆ ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದಳು. ಉಳಿದ ಮಕ್ಕಳು ಅಷ್ಟರಲ್ಲಿ ಪ್ರಯತ್ನ ಬಿಟ್ಟು, ಯಾವ ದುಃಖವೂ ಇಲ್ಲದೆ ಒಂಟೆಯ ಕಡೆ ಹೋಗಿದ್ದರು.

ಕಾಫಿಯ ಗುಡಾರ

ಕೊನೆಯ ನಿಲ್ದಾಣ ಮಜ್ಲಿಸ್. ಎಂದರೆ ಅತಿಥಿಗಳನ್ನು ಕೂರಿಸುವ ಜಾಗ. ಆಡಿನ ಕೂದಲಿನ ಕಪ್ಪು ಗುಡಾರ, ನೆಲಕ್ಕೆ ಕೆಂಪು ಜಮಖಾನ, ನಡುವೆ ಕೆಂಡ. ಒಂದು ಸಲಕ್ಕೆ ಎಂಟೇ ಜನ. ಶೈಲಾ, ನಾನು, ಇಫ್ರಾ, ತೇಜಸ್ ಮತ್ತು ಇನ್ನು ನಾಲ್ವರು ಮಕ್ಕಳು ಮೊದಲು ಹೋದೆವು.

ಕೆಂಡದ ಬಳಿ ಬಿಳಿ ಉಡುಪಿನ ಮುದುಕರೊಬ್ಬರು ಕೂತಿದ್ದರು. ಎಪ್ಪತ್ತು ದಾಟಿರಬಹುದು. ನಮ್ಮನ್ನು ನೋಡಿ ಹಿಂದಿಯಲ್ಲಿ “ಆವೋ, ಬೈಠೋ,” ಎಂದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಈ ನೆಲದ ಹಳಬರಲ್ಲಿ ಅನೇಕರಿಗೆ ಹಿಂದಿ ಬರುತ್ತದೆ, ಬೊಂಬಾಯಿಯ ವ್ಯಾಪಾರಿಗಳ ಜೊತೆ ಬೆಳೆದವರು ಎಂದು ಶೈಲಾ ಪಿಸುಗುಟ್ಟಿದಳು.

ತೇಜಸ್ ಫೋನ್ ತೆಗೆದು, ನಿಮ್ಮ ಮಾತು ರೆಕಾರ್ಡ್ ಮಾಡಬಹುದೇ ಎಂದು ಕೇಳಿದ.

“ಇಲ್ಲ,” ಎಂದರು ಮುದುಕರು. “ಮಾತು ಬೇಕಾದವರಿಗೆ ಆಫೀಸು ಆ ಕಡೆ ಇದೆ. ಇಲ್ಲಿಗೆ ಬಂದವರಿಗೆ ಕಾಫಿ.”

ಇಫ್ರಾ ತೆರೆದಿದ್ದ ಪುಸ್ತಕ ಮುಚ್ಚಿದಳು.

ಅವರು ಎಡಗೈಯಲ್ಲಿ ಕೊಕ್ಕಿನ ಹಿತ್ತಾಳೆ ಹೂಜಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಕಪ್ಪುಗಳನ್ನು ಹಿಡಿದು ಬಲಗಡೆಯಿಂದ ಶುರುಮಾಡಿದರು. ಕಪ್ಪಿನ ತಳ ಮುಚ್ಚುವಷ್ಟು ಕಾಫಿ, ಅಷ್ಟೇ. ಬಣ್ಣ ತಿಳಿ ಹಳದಿ, ಏಲಕ್ಕಿಯ ವಾಸನೆ, ಹಾಲಿಲ್ಲ, ಸಕ್ಕರೆ ಇಲ್ಲ. ನಮ್ಮ ಮನೆಗಳಲ್ಲಿ ಹೀಗೆ ಕೊಟ್ಟರೆ ಆ ಮನೆಯ ಬಗ್ಗೆ ಒಂದು ತಿಂಗಳು ಮಾತಾಗುತ್ತದೆ. ಅಮ್ಮನಂತೂ ಗ್ಲಾಸಿನ ಕಂಠದವರೆಗೆ ಹಾಕಿ, ಅತಿಥಿಯ ಕೈ ಸುಟ್ಟ ಮೇಲೆಯೇ ಸಮಾಧಾನಪಡುವವಳು.

ಕೊಟ್ಟದ್ದನ್ನು ಉಳಿಸಬಾರದು ಎಂದು ಕಲಿತವಳು ನಾನು. ಒಂದೇ ಗುಟುಕಿಗೆ ಮುಗಿಸಿ ಕಪ್ಪು ಮುಂದೆ ಹಿಡಿದೆ. ಅವರು ಮತ್ತೆ ಹಾಕಿದರು. ಮುಗಿಸಿದೆ. ಮತ್ತೆ ಹಾಕಿದರು. ಹೀಗೇ ಐದು ಸಲವಾಯಿತು.

“ಆಂಟಿ ರೆಕಾರ್ಡ್ ಮಾಡ್ತಿದ್ದಾರೆ, ಫೋನ್ ಇಲ್ಲದೆ,” ಎಂದ ತೇಜಸ್.

ಮುದುಕರು ನಕ್ಕರು. ಖಾಲಿ ಕಪ್ಪನ್ನು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಎರಡು ಸಲ ಅಲುಗಿಸಿ ತೋರಿಸಿದರು. ಸಾಕು ಎನ್ನುವುದಕ್ಕೆ ಹಾಗೆ ಮಾಡಬೇಕು. ಮಾಡದಿದ್ದರೆ ಹಾಕುತ್ತಲೇ ಇರುವುದು ಅವರ ಧರ್ಮ. ನಾನು ಅಲುಗಿಸಿದೆ. ಹೂಜಿ ಮುಂದೆ ಹೋಯಿತು.

ಇಫ್ರಾಳ ಮುಂದೆ ಅದು ನಿಂತಿತು. ಅವಳು ಕಪ್ಪನ್ನು ಬಲಗೈಯಲ್ಲಿ ತೆಗೆದುಕೊಂಡಿದ್ದಳು. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನಬಾರದು. ಉಪವಾಸ ಎಂದು ಎಲ್ಲರೆದುರು ಹೇಳುವ ಹಾಗೂ ಇಲ್ಲ. ಅವಳು ಅದನ್ನು ಮೆಲ್ಲಗೆ ಜಮಖಾನದ ಮೇಲೆ, ತನ್ನ ಮಂಡಿಯ ಮುಂದೆ ಇಟ್ಟಿದ್ದಳು. ಕಾಫಿ ಹಾಗೇ ಇತ್ತು.

ಮುದುಕರು ಆ ಕಪ್ಪನ್ನು ನೋಡಿದರು. ಹೂಜಿಯನ್ನು ಕೆಂಡದ ಬಳಿ ಇಟ್ಟು, ಕಾಲು ಮಡಚಿ ಅವಳ ಎದುರು ನೆಟ್ಟಗೆ ಕೂತರು. ಮುಖದಲ್ಲಿದ್ದ ನಗು ಹೋಗಿತ್ತು.

“ಹೇಳು ಮಗಳೇ. ಏನು ಬೇಕು?”

ಶೈಲಾ ಗಾಬರಿಯಾದಳು. “ಕ್ಷಮಿಸಿ ಬಾಬಾ, ಮಕ್ಕಳು. ಕುಡೀತಾಳೆ. ಇಫ್ರಾ, ಯಲ್ಲಾ, ಬೇಗ ಕುಡಿ.”

ಅವರು ಕೈ ಎತ್ತಿ ತಡೆದರು. “ಟೀಚರ್, ಇದು ನಿಮ್ಮ ಮಾತಲ್ಲ. ನನ್ನದು ಮತ್ತು ಇವಳದು.” ಆಮೇಲೆ ಎಲ್ಲರಿಗೂ ತಿಳಿಸಿದರು. ಅತಿಥಿ ಕಾಫಿಯನ್ನು ಮುಟ್ಟದೆ ಕೆಳಗಿಟ್ಟರೆ ಅವನು ಏನನ್ನೋ ಕೇಳಲು ಬಂದಿದ್ದಾನೆ ಎಂದರ್ಥ. ಹೆಣ್ಣು ಕೇಳಲು ಬಂದಿರಬಹುದು, ಆಶ್ರಯ ಕೇಳಲು ಬಂದಿರಬಹುದು, ತಪ್ಪಿಗೆ ಕ್ಷಮೆ ಕೇಳಲೂ ಬಂದಿರಬಹುದು. ಮನೆಯವನು ಆಗಲಿ ಎನ್ನುವವರೆಗೆ ಅವನು ಕುಡಿಯುವುದಿಲ್ಲ. ಮನೆಯವನಿಗೂ ಅಲ್ಲಿಯವರೆಗೆ ನೆಮ್ಮದಿಯಿಲ್ಲ. “ನನ್ನ ತಂದೆಯ ಗುಡಾರದಲ್ಲಿ ನೋಡಿದ್ದೆ. ಈ ಗುಡಾರದಲ್ಲಿ ಯಾರೂ ಇಟ್ಟಿರಲಿಲ್ಲ.”

ಇಫ್ರಾ ನನ್ನನ್ನು ನೋಡಿದಳು. ಕಪ್ಪು ಏಕೆ ಕೆಳಗಿದೆ ಎಂದು ಆ ಗುಡಾರದಲ್ಲಿ ನಮ್ಮಿಬ್ಬರಿಗೇ ಗೊತ್ತಿತ್ತು.

“ನಿಮ್ಮ ಒಂದು ಮಾತು ಬೇಕು,” ಎಂದಳು ಅವಳು ಹಿಂದಿಯಲ್ಲಿ. “ನಿಮ್ಮ ಹೆಸರಿನ ಜೊತೆ. ನಮ್ಮ ಸ್ಕೂಲಿನ ಗೋಡೆಗೆ.”

ಅವರು ಕೆಂಡ ಕೆದಕಿದರು. “ಫೋನ್ ಒಳಗಿರಲಿ. ಪೆನ್ನು ತೆಗೆ.”

ಅವರು ಹೇಳಿದ್ದು ಹೀಗೆ. ಎಂಟು ವರ್ಷದವರಿದ್ದಾಗ ತಂದೆ ಅವರ ಕೈಗೆ ಮೊದಲ ಸಲ ಕಾಫಿಯ ಹೂಜಿ ಕೊಟ್ಟರು. ಒಬ್ಬ ಅತಿಥಿ ದೂರದಿಂದ ಬಂದಿದ್ದ, ತುಟಿ ಒಣಗಿತ್ತು. ಪಾಪ ಅನ್ನಿಸಿ ಹುಡುಗ ಕಪ್ಪನ್ನು ಅಂಚಿನವರೆಗೆ ತುಂಬಿಸಿದ. ಅಲ್ಲಿ ತುಂಬಿದ ಕಪ್ಪೆಂದರೆ, ಕುಡಿದು ಎದ್ದು ಹೋಗು ಎಂದ ಹಾಗೆ. ಅತಿಥಿ ಕುಡಿದ, ಸಲಾಂ ಹೇಳಿದ, ಒಂಟೆ ಹತ್ತಿ ಹೊರಟ. ತಂದೆ ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ಅವನ ಹಿಂದೆ ಹೋದರು. ಸಂಜೆಗೆ ಕರೆದುಕೊಂಡು ಬಂದರು. ಮಗನಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಅದೇ ಹೂಜಿಯನ್ನು ಮತ್ತೆ ಅವನ ಕೈಗೆ ಕೊಟ್ಟು, ಅದೇ ಅತಿಥಿಗೆ ಹಾಕು ಎಂದರು.

“ಮತ್ತೆ ಹಾಕಿದೆ,” ಎಂದರು. “ಅರ್ಧ ಜಮಖಾನಕ್ಕೆ ಬಿತ್ತು. ಅತಿಥಿ ನೋಡದವನ ಹಾಗೆ ಕೂತಿದ್ದ. ಬರೆದೆಯಾ? ಹೆಸರು ಸಾಲಿಮ್ ಎಂದು ಬರೆ.”

ಇಫ್ರಾ ಬರೆದಳು. ತೇಜಸ್ ತನ್ನ ಪುಸ್ತಕ ಬಿಚ್ಚಿ, “ಬಾಬಾ, ನಾನೂ ಬರ್ಕೊಳ್ಳಬಹುದಾ?” ಎಂದ.

“ನಿನ್ನ ಕಪ್ಪು ಖಾಲಿ,” ಎಂದರು ಸಾಲಿಮ್. ಆಮೇಲೆ ಇಫ್ರಾಳ ಕಡೆ ತಿರುಗಿ ಕಪ್ಪು ತೋರಿಸಿದರು. “ಕೇಳಿದ್ದು ಸಿಕ್ಕಿತಲ್ಲ. ಈಗ ಕುಡಿ.”

ಇದನ್ನು ನಾನು ಎಣಿಸಿರಲಿಲ್ಲ. ಕುಡಿದರೆ ಉಪವಾಸ ಮುರಿಯುತ್ತದೆ. ಕುಡಿಯದಿದ್ದರೆ ಅವರು ಕೊಟ್ಟದ್ದನ್ನು ತಿರಸ್ಕರಿಸಿದ ಹಾಗೆ. ಇಫ್ರಾ ಕಪ್ಪು ಎತ್ತಿದಳು, ಅರ್ಧಕ್ಕೆ ನಿಲ್ಲಿಸಿದಳು, ಮತ್ತೆ ಕೆಳಗಿಟ್ಟಳು.

“ಬಾಬಾ, ನನಗೆ ರೋಜಾ ಉಂಟು, ಉಪವಾಸ,” ಎಂದಳು. “ಅದಕ್ಕೇ ಇಟ್ಟದ್ದು. ನಿಮ್ಮ ಪದ್ಧತಿ ನನಗೆ ಗೊತ್ತಿರಲಿಲ್ಲ.” ಬರೆದ ಪುಟವನ್ನು ಹರಿಯಲು ಹಿಡಿದು ಅವರ ಮುಖ ನೋಡಿದಳು.

ತೇಜಸ್ ಬಾಯಿ ತೆರೆದ. ಶೈಲಾ ಅವನ ಮಂಡಿಯ ಮೇಲೆ ಕೈಯಿಟ್ಟಳು. ಅವನು ಬಾಯಿ ಮುಚ್ಚಿದ.

“ಇಡುವಾಗ ಮನಸ್ಸಿನಲ್ಲಿ ಕೇಳುವುದು ಇತ್ತೋ ಇಲ್ಲವೋ?” ಎಂದು ಸಾಲಿಮ್ ಕೇಳಿದರು.

“ಇತ್ತು. ಬೆಳಿಗ್ಗೆಯಿಂದ ಇತ್ತು.”

“ಪುಟ ಹರಿಯಬೇಡ.”

ಅವರು ಎದ್ದು ಗುಡಾರದ ಹಿಂದೆ ಹೋದರು. ಬರುವಾಗ ಕೈಯಲ್ಲಿ ಮುಚ್ಚಳವಿರುವ ಕಾಗದದ ಲೋಟವಿತ್ತು. ಅವಳ ಕಪ್ಪಿನಲ್ಲಿದ್ದಷ್ಟೇ ಕಾಫಿಯನ್ನು ಅದಕ್ಕೆ ಸುರಿದರು. ಮೂರು ಖರ್ಜೂರವನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. “ಸೂರ್ಯ ಮುಳುಗಿದ ಮೇಲೆ. ಬಿಸಾಡಬಾರದು.”

ಹೊರಗೆ ಮುಂದಿನ ಎಂಟು ಜನ ಕಾಯುತ್ತಿದ್ದರು.

ವಾಪಸ್

ಬಸ್ಸಿನಲ್ಲಿ ಇಫ್ರಾ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕೂತಳು. ಚೀಲಕ್ಕೆ ಹಾಕು ಎಂದೆ. “ಚೆಲ್ತದೆ ಆಂಟಿ,” ಎಂದಳು. ಮೂರು ಚಮಚದಷ್ಟು ಕಾಫಿ. ಏಲಕ್ಕಿಯ ವಾಸನೆ ಸುತ್ತಲಿನ ಸೀಟುಗಳಿಗೆ ಹಬ್ಬಿತ್ತು.

ತೇಜಸ್ ಬಹಳ ಹೊತ್ತು ತಡೆದುಕೊಂಡ. ಕೊನೆಗೆ ಇಂಗ್ಲಿಷಿನಲ್ಲಿ ಕೇಳಿದ್ದು ನನ್ನನ್ನು: ಗೊತ್ತಿಲ್ಲದೆ ಇಟ್ಟ ಕಪ್ಪಿಗೆ ಸಿಕ್ಕ ಮಾತು ಲೆಕ್ಕಕ್ಕೆ ಬರುತ್ತದೆಯೇ, ಅದು ಮೋಸವಲ್ಲವೇ. ಉಪವಾಸದ ಬಗ್ಗೆ ಏನೂ ಕೇಳಲಿಲ್ಲ.

ಶೈಲಾ ಕೂಡ ತಿರುಗಿ ನೋಡಿದಳು. “ಹೇಳು ಅಕ್ಕಾ. ನಿಯಮ ನಿನ್ನದು.”

ನಾನು ಸುದ್ದಿಮನೆಯ ರೀತಿಯಲ್ಲೇ ಯೋಚಿಸಿದೆ. ಹೇಳಿದವರಿಗೆ ಇಡೀ ವಿಷಯ ತಿಳಿದಿತ್ತು. ತಿಳಿದ ಮೇಲೂ ಒಪ್ಪಿಗೆಯನ್ನು ಹಿಂದೆಗೆಯಲಿಲ್ಲ. ಹೆಸರನ್ನು ತಾವೇ ಕೊಟ್ಟರು. “ಬರ್ತದೆ,” ಎಂದೆ.

“ಆದ್ರೆ ಕಪ್ ಯಾಕೆ ಇಟ್ಟದ್ದು ಅಂತ ಫಲಕದಲ್ಲಿ ಇರ್ಬೇಕಲ್ಲ?” ಎಂದ ತೇಜಸ್.

ಅದನ್ನು ಬರೆಯುವುದು ಬಿಡುವುದು ಇಫ್ರಾಳಿಗೆ ಸೇರಿದ್ದು. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಆಗುವ ಹೊತ್ತಿಗೆ ಶೈಲಾ, ನಾನು ಅವಳ ಮನೆಗೆ ಹೋದೆವು. ಹಾಲ್‌ನ ಗೋಡೆಯುದ್ದಕ್ಕೂ ಊರಿಗೆ ಕಳುಹಿಸುವ ರಟ್ಟಿನ ಪೆಟ್ಟಿಗೆಗಳು. ಇಫ್ರಾ ಒಂದು ಖರ್ಜೂರ ತಿಂದು, ನೀರು ಕುಡಿದು, ಲೋಟದ ಮುಚ್ಚಳ ತೆಗೆದಳು. ತಣ್ಣಗಾಗಿದ್ದ ಕಾಫಿಯನ್ನು ಒಂದೇ ಗುಟುಕಿಗೆ ನುಂಗಿದಳು. ಮುಖ ಕಿವುಚಿದಳು.

“ಎಂತ ಕಾಫಿ ಇದು? ಕಷಾಯವಾ?” ಎಂದು ಅವಳ ತಾಯಿ ಲೋಟ ಇಸಿದುಕೊಂಡು ಮೂಸಿದರು. “ಇನ್ನು ಸ್ವಲ್ಪ ಚಾ ಕುಡಿ, ಬಾಯಿ ಸರಿಯಾಗ್ತದೆ.”

ಇಫ್ರಾ ಲೋಟವನ್ನು ಹಿಂದಕ್ಕೆ ತೆಗೆದುಕೊಂಡು, ತಾಯಿಯ ಎದುರು ಎಡಕ್ಕೆ ಬಲಕ್ಕೆ ಎರಡು ಸಲ ಅಲುಗಿಸಿದಳು.

ಮಂಗಳೂರು

ನಾನು ಫೆಬ್ರವರಿ ಮೊದಲ ವಾರ ಊರಿಗೆ ಮರಳಿದೆ. ಇಫ್ರಾಳ ಕುಟುಂಬ ಮಾರ್ಚ್ ಕೊನೆಯಲ್ಲಿ ಬಂತು. ಅವಳು ಜೂನ್‌ನಲ್ಲಿ ಇಲ್ಲಿನ ಶಾಲೆಯೊಂದರ ಎಂಟನೆಯ ತರಗತಿಗೆ ಸೇರಿದಳು. ಕನ್ನಡ ಎರಡನೆಯ ಭಾಷೆ.

ಮೂವತ್ತಾರು ಮಕ್ಕಳಲ್ಲಿ ನಿಯಮದ ಪ್ರಕಾರ ಗೋಡೆಗೆ ಹೋದ ಫಲಕ ಒಂದೇ. ಶೈಲಾ ಕಳೆದ ವಾರ ಅದರ ಚಿತ್ರ ಕಳುಹಿಸಿದ್ದಾಳೆ. ಎರಡನೆಯ ಮಹಡಿಯ ತಿರುವಿನಲ್ಲಿದೆ. ಮೇಲೆ ಗುಡಾರದ ಚಿತ್ರ, ನಡುವೆ ಸಾಲಿಮ್ ಅವರ ಮಾತು ಮತ್ತು ಹೆಸರು, ಅದರ ಕೆಳಗೆ ಇಫ್ರಾಳ ಹೆಸರು, ತರಗತಿ. ಎಲ್ಲಕ್ಕಿಂತ ಕೆಳಗೆ, ಬೇರೆ ಬಣ್ಣದ ಪೆನ್ನಿನಲ್ಲಿ ಅವಳೇ ಇಂಗ್ಲಿಷಿನಲ್ಲಿ ಬರೆದ ಎರಡು ಸಾಲುಗಳಿವೆ: ಆ ದಿನ ನನಗೆ ಉಪವಾಸವಿತ್ತು, ಕಪ್ಪನ್ನು ಕೆಳಗಿಟ್ಟದ್ದು ಅದಕ್ಕೆ. ಕಾಫಿಯನ್ನು ಸಂಜೆ ಕುಡಿದೆ.